ಶಿಬಿರಾಗ್ನಿ ಪ್ರಹಸನ ಮೀಮಾಂಸೆ

ಶಿಬಿರಾಗ್ನಿಯ ಸುತ್ತ ಅಪ್ಪ, ಅಮ್ಮ, ಮಕ್ಕಳು ಸೇರಿ ಆಡುವ ಐದು ನಿಮಿಷದ ನಾಟಕಕ್ಕೆ ಯಾರೂ ಭಾಷ್ಯ ಬರೆಯದಿರುವುದು ನಮ್ಮ ವಿದ್ವತ್ತಿಗೇ ಅವಮಾನ. ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಶಿಬಿರ ಹೂಡಿದ. ಮರುವರ್ಷ ಬಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ನಲ್ಲಿ ಪಾಠಗಳನ್ನೇ ಶಿಬಿರಾಗ್ನಿಯ ಹರಟೆಗಳೆಂದು ಕರೆದ. ಪುಣ್ಯವಂತ. ಹುಡುಗರ ಜೊತೆ ಅಪ್ಪಂದಿರು ಬಂದಿರಲಿಲ್ಲ. ಅವನು ನಿಲ್ಲಿಸಿದಲ್ಲಿಂದ ನಮ್ಮ ಶಾಸ್ತ್ರದ ಆರಂಭ.

ಮೊದಲು ರಂಗವಿಧಿ. ಮನುಷ್ಯರ ನಾಟ್ಯಗೃಹ 64 ಹಸ್ತ ಉದ್ದ, 32 ಹಸ್ತ ಅಗಲವಿದ್ದರೆ ಸಾಕು, ಅದಕ್ಕೂ ದೊಡ್ಡದಾದರೆ ಮಾತು ಕೇಳದು, ಮುಖಭಾವ ಕಾಣದು ಎಂದ ನಾಟ್ಯಶಾಸ್ತ್ರದ ಭರತ. ನಮ್ಮ ಶಿಬಿರ ನಡೆದ ಸಕಲೇಶಪುರದ ತೋಟದ ಮನೆಯಂಗಳದಲ್ಲಿ ಬೆಂಕಿಯ ಬೆಳಕು ಹತ್ತು ಹೆಜ್ಜೆಗೇ ಮುಗಿಯುತ್ತದೆ. ನಟ ಬೆಂಕಿಗೆ ಬೆನ್ನು ಹಾಕಿದರೆ ಬರೀ ನೆರಳು. ಮುಖ ಮಾಡಿದರೆ ಅರ್ಧ ಸಭೆಗೆ ಅವನ ಸ್ವೆಟರಿನ ಬೆನ್ನಷ್ಟೇ ದರ್ಶನ. ನಾಟಕಕ್ಕೆ ಮುಂಚಿನ ಪೂರ್ವರಂಗ ಅತಿಯಾದರೆ ನಟರೂ ಪ್ರೇಕ್ಷಕರೂ ದಣಿಯುತ್ತಾರೆಂದೂ ಭರತ ಎಚ್ಚರಿಸಿದ್ದಾನೆ. ಮೈಕೇ ಇಲ್ಲದೆ “ಹಲೋ, ಹಲೋ” ಎನ್ನುವ ಅಂಕಲ್‌ಗಳು ನಾಟ್ಯಶಾಸ್ತ್ರ ಓದಿಲ್ಲ.

ಪಾತ್ರ ಹಂಚಿಕೆ ಮೂರು ವಾರ ಮುಂಚೆ ವಾಟ್ಸಾಪ್‌ನಲ್ಲಿ ಶುರುವಾಗಿ, ಬಸ್ಸು ಹತ್ತಿದ ಮೇಲೂ ಮುಗಿಯುವುದಿಲ್ಲ. ಒಬ್ಬರಂತೂ ಖಂಡಿತ ಹೇಳುತ್ತಾರೆ: “ನಂಗೆ ಡೈಲಾಗ್ ಬೇಡಪ್ಪಾ, ಮರ ಆಗಿ ನಿಂತ್ಕೋತೀನಿ.”

ಲಕ್ಷ್ಯಕೃತಿಯಾಗಿ ‘ಕಾಣದ ಬೆಂಚು’. ಒಬ್ಬ ಗಾಳಿಯ ಮೇಲೆ ಮಂಡಿ ಮಡಚಿ ಕೂರುತ್ತಾನೆ. “ಏನ್ರೀ ಇದು?” “ಕಾಣದ ಬೆಂಚು, ಬನ್ನಿ, ಜಾಗ ಇದೆ.” ಹೀಗೆ ನಾಲ್ವರು ಸಾಲಾಗಿ ಕೂರುತ್ತಾರೆ. ಕೊನೆಗೆ ಬಂದವರು “ಅಯ್ಯೋ, ಬೆಂಚನ್ನ ಬೆಳಿಗ್ಗೇನೇ ಆ ಕಡೆ ಸರಿಸಿದ್ನಲ್ಲ!” ಎಂದದ್ದೇ ತಡ, ಅಷ್ಟೂ ಜನ ದೊಪ್ಪನೆ ನೆಲಕ್ಕೆ. ಈ ಕೊನೆಯ ಮಾತು ದೊಡ್ಡವರದ್ದಾಗಬೇಕೆಂಬುದು ಪೂರ್ವಪಕ್ಷ. ಮಗುವಿನದೇ ಆಗಬೇಕೆಂಬುದು ಸಿದ್ಧಾಂತ. ಪ್ರಮಾಣ: ನಮ್ಮ ಪ್ರಯೋಗದಲ್ಲಿ ಆರು ವರ್ಷದವಳೊಬ್ಬಳು, ಮೂರನೆಯವರು ಕೂರುವ ಮೊದಲೇ, ಇಡೀ ಅಂಗಳಕ್ಕೆ ಕೇಳುವಂತೆ, “ಅಪ್ಪಾ, ಈಗ್ಲೇ ಹೇಳ್ಲಾ?” ಎಂದಳು. ಬೀಳುವ ಮೊದಲೇ ಸಭೆ ಬಿದ್ದು ಬಿದ್ದು ನಕ್ಕಿತು.

ಇನ್ನು ನಟನ ಮೈಮೇಲೆ ಕಾಣುವ ಸಾತ್ವಿಕ ಭಾವಗಳು. ಎಂಟೂ ಏಕಾಗ್ರ ಮನಸ್ಸಿನಿಂದಲೇ ಹುಟ್ಟುತ್ತವೆಂದು ಭರತನ ಮತ. ನಮ್ಮ ಅನುಭವದಲ್ಲಿ ಒದ್ದೆ ಸೌದೆ ಸಾಕು. ಹೊಗೆಗೆ ಅಶ್ರು. ಎದೆಯ ಕಡೆ ಸ್ವೇದ, ಬೆನ್ನ ಕಡೆ ಚಳಿಗೆ ರೋಮಾಂಚ, ಅದೂ ಒಬ್ಬನಲ್ಲೇ, ಏಕಕಾಲಕ್ಕೆ. ಇಷ್ಟನ್ನು ಯಾವ ನಟನಾ ಶಾಲೆ ಕಲಿಸೀತು? ಮಾತು ಮರೆತವರಿಗೆ ಸ್ತಂಭ, ಹಗಲೆಲ್ಲ ಮಕ್ಕಳನ್ನು ಕೂಗಿ ಗಂಟಲು ಕಟ್ಟಿದ ಅಮ್ಮಂದಿರಿಗೆ ಸ್ವರಭೇದ, ಕಾಣದ ಬೆಂಚಿನಲ್ಲಿ ಕೂತ ನಲವತ್ತು ದಾಟಿದ ಮಂಡಿಗಳಿಗೆ ವೇಪಥು, ಕಾಲ್ಚೀಲದಲ್ಲಿ ಇಂಬಳ ಕಂಡವರಿಗೆ ವೈವರ್ಣ್ಯ.

ಎಂಟನೆಯದು ಪ್ರಳಯ, ಅಂದರೆ ಎಚ್ಚರ ತಪ್ಪಿ ಒರಗುವುದು. ಅರ್ಧ ಕಚ್ಚಿದ ಬಿಸ್ಕತ್ತನ್ನು ಮುಷ್ಟಿಯಲ್ಲೇ ಹಿಡಿದು ಅದನ್ನು ಅಭಿನಯಿಸಿದವಳೂ ಅದೇ ಆರು ವರ್ಷದ ನಟಿ. ಇನ್ನೂ ಎರಡು ನಾಟಕ ಬಾಕಿಯಿದ್ದವು. ಮರ ತನ್ನ ಸಿಲ್ವರ್ ಓಕ್ ಕೊಂಬೆಗಳನ್ನು ಕೆಳಗಿಟ್ಟು, ಮಗಳನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆಯಿತು.