ಘುರ್ಘುರ ಮೀಮಾಂಸೆ

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕೇ ಪ್ರಮಾಣಗಳನ್ನು ಅಂಗೀಕರಿಸಿರುವುದರಿಂದ, ಗೊರಕೆಯೆಂಬ ಪದಾರ್ಥವನ್ನು ಯಾವುದರಿಂದ ಸಾಧಿಸಬೇಕೆಂಬುದೇ ಇಲ್ಲಿಯ ಪ್ರಥಮ ಜಿಜ್ಞಾಸೆ. ಗೊರಕೆ ಹೊಡೆಯುವವನಿಗೆ ಅದು ಪ್ರತ್ಯಕ್ಷವಲ್ಲ. ಅದಿರುವಾಗ ಅವನಿಗೆ ಎಚ್ಚರವಿಲ್ಲ, ಅವನೆಚ್ಚೆತ್ತಾಗ ಅದಿಲ್ಲ. ಶಬ್ದವೇನೋ ಓಣಿಯ ತುದಿಯವರೆಗೂ ಲಭ್ಯ. ಆದರೆ ಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತವಾಕ್ಯ, ಬರಿಯ ಸದ್ದಲ್ಲ. ಇನ್ನು ಆಪ್ತರೋ, ಪಕ್ಕದಲ್ಲಿ ಮಲಗಿದವರು. "ರಾತ್ರಿಯೆಲ್ಲ ಗರಗಸ ಎಳೆದಿರಿ" ಎಂಬ ಅವರ ವಾಕ್ಯವನ್ನು, "ನಾನು ಎಚ್ಚರವಾಗಿಯೇ ಇದ್ದೆನಲ್ಲ" ಎಂಬ ಪೂರ್ವಪಕ್ಷದಿಂದ ನಾನು ಬಹುವರ್ಷ ಖಂಡಿಸುತ್ತ ಬಂದೆನು.

ನಿದ್ರೆಯಲ್ಲಿ ಗಂಟಲ ಸ್ನಾಯುಗಳು ಸಡಿಲಗೊಂಡು, ಮೆತ್ತನೆಯ ಅಂಗುಳೂ ಕಿರುನಾಲಗೆಯೂ ಉಸಿರಿನ ಹಾದಿಯಲ್ಲಿ ಅದುರುವುದೇ ಗೊರಕೆಯೆಂದು ವೈದ್ಯರ ಮತ. ಆ ಹಾದಿಯೇ ಮುಚ್ಚಿದರೆ ಉಸಿರು 10 ಸೆಕೆಂಡಿಗೂ ಮಿಕ್ಕಿ ನಿಂತು, ರಕ್ತದಲ್ಲಿ ಆಮ್ಲಜನಕವು ಇಳಿದು, ಮಿದುಳು ಬೆದರಿ ದೇಹವನ್ನು ಅರೆಕ್ಷಣ ಎಬ್ಬಿಸುವುದು. ಇಂತಹ ನಿಲುಗಡೆಗಳು ಗಂಟೆಗೆ 5ರೊಳಗಿದ್ದರೆ ಕ್ಷಮ್ಯ. 30ನ್ನು ಮುಟ್ಟಿದರೆ ಉಗ್ರವ್ಯಾಧಿ. ನಾನಾದರೋ ಇದನ್ನು ಪ್ರಯತ್ನವಿಲ್ಲದೆ ಸಿದ್ಧಿಸಿದ ಕುಂಭಕವೆಂದೇ ಬಗೆದಿದ್ದೆನು. ಕುಂಭಕರ್ಣನೆಂದರೆ ಕೊಡದಂತಹ ಕಿವಿಯುಳ್ಳವನೆಂಬ ಹಳೆಯ ವಿಗ್ರಹವನ್ನು ಕೈಬಿಟ್ಟು, ತನ್ನ ಕುಂಭಕವನ್ನು ಲಂಕೆಯವರ ಕರ್ಣಕ್ಕೆ ಮುಟ್ಟಿಸಿದವನೆಂದು ಅರ್ಥೈಸುವುದು ಲೇಸೆಂದು ನನ್ನ ವಿನಮ್ರ ಮತ. ಸ್ಥೂಲಕಾಯ, ಘೋರನಾದ, ಭೇರಿ ಬಾರಿಸಿದರೂ ತೀರದ ನಿದ್ದೆ: ಇವಿಷ್ಟನ್ನು ಕಂಡ ಮೇಲೆ ಬ್ರಹ್ಮನ ಶಾಪವನ್ನು ಏಕೆ ಎಳೆದು ತರಬೇಕು?

ನಿದ್ರೆಯ ಇತರ ವ್ಯಾಧಿಗಳಲ್ಲಿ, ನಿದ್ದೆಯಲ್ಲಿ ನಡೆಯುವುದು ಹೆಚ್ಚಾಗಿ ಮಕ್ಕಳದು, ವಯಸ್ಸಿನೊಡನೆ ತಾನೇ ಅಡಗುವುದುಂಟು, ಬಿಡೋಣ. ನಿದ್ರಾಹೀನತೆಯು ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ಕಾಡಿದರೆ ದೀರ್ಘವ್ಯಾಧಿ ಎನಿಸುವುದು; ನಮ್ಮ ಮನೆಯಲ್ಲಿ ಅದು ನನಗಲ್ಲ, ನನ್ನಾಕೆಗೆ; ಕಾರಣ ಇನ್ನೂ ಸಂಶೋಧನಾರ್ಹ.

ಬೆಳಗಿನ ತಲೆನೋವು, ಒಣಗಿದ ಬಾಯಿ, ಹಗಲಿನ ತೂಕಡಿಕೆ ಇವು ಉಸಿರು ನಿಲ್ಲುವ ಆ ವ್ಯಾಧಿಯ ಶೇಷಲಕ್ಷಣಗಳು. ಸಭಾಧ್ಯಕ್ಷರಲ್ಲಿ ಈ ಕಡೆಯದು ತೋರಿದಾಗ ದೋಷವು ಗಂಟಲಿನದೋ ಭಾಷಣಕಾರನದೋ ಎಂದು ನಿರ್ಣಯಿಸುವುದು ಕಷ್ಟ. ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲ್ಲಿವನ್ನರು ಮೂಗಿನ ಮೂಲಕ ಗಾಳಿಯನ್ನು ಒತ್ತಿ ಊದಿ ಹಾದಿಯನ್ನು ತೆರೆದಿಡುವ ಉಪಾಯವನ್ನು 1981ರಲ್ಲಿ ಪ್ರಕಟಿಸಿದರು. ಆ ಯಂತ್ರವೀಗ ನನ್ನ ತಲೆದೆಸೆಯಲ್ಲಿದೆ, ಕುಂಭಕ ನಷ್ಟವಾಯಿತು.

ಈ ಸಿದ್ಧಾಂತವನ್ನು ಖಂಡಿಸಲಿಚ್ಛಿಸುವ ವಿದ್ವಾಂಸರು, ತಮ್ಮೊಡನೆ ಒಂದೇ ಕೋಣೆಯಲ್ಲಿ ಮಲಗುವವರ ರುಜುವನ್ನೂ ಲೇಖನದ ಅಡಿಯಲ್ಲಿ ತಪ್ಪದೆ ಹಾಕಿಸಿ ಕಳುಹಿಸಬೇಕಾಗಿ ವಿಜ್ಞಾಪನೆ.