ಬೆಂಚ್ ಬಿಟ್ಟು ಏಳಬೇಡಿ!

ಹೆಡ್‌ಮಾಸ್ಟರು: ಪಿ.ಟಿ. ಮೇಷ್ಟ್ರೇ, ಮಕ್ಕಳ ಫಿಟ್‌ನೆಸ್ ಪರೀಕ್ಷೆ ಮತ್ತೆ ಶುರು ಮಾಡ್ಬೇಕು. ಖೇಲೋ ಇಂಡಿಯಾ ಆ್ಯಪ್‌ಗೆ ಅಂಕಿ ತುಂಬಿ.

ಪಿ.ಟಿ. ಮೇಷ್ಟ್ರು: ಸಂತೋಷ ಸಾರ್. ದೊಡ್ಡ ಮಕ್ಕಳಿಗೆ 50 ಮೀಟರ್ ಓಟ, 600 ಮೀಟರ್ ಓಟ, ಪುಷ್‌ಅಪ್ ಇದೆ. ಎಲ್ಲಿ ಓಡಿಸ್ಲಿ?

ಹೆಡ್‌ಮಾಸ್ಟರು: ಮೈದಾನದಲ್ಲಿ!

ಮೇಷ್ಟ್ರು: ಅಲ್ಲಿ ಹೊಸ ಬ್ಲಾಕ್ ಎದ್ದಿದೆಯಲ್ಲ ಸಾರ್. ಉಳಿದ ಜಾಗದಲ್ಲಿ ಬಸ್ ನಿಂತಿದೆ.

ಹೆಡ್‌ಮಾಸ್ಟರು: ಬಸ್ಸನ್ನೇ ಸುತ್ತಿಸಿ.

ಮೇಷ್ಟ್ರು: ಸುತ್ತಿಗೆ 30 ಮೀಟರ್. 600 ಆಗೋಕೆ 20 ಪ್ರದಕ್ಷಿಣೆ. ಬಸ್ಸಿಗೇ ಮಂಗಳಾರತಿ ಎತ್ತಬಹುದು.

ಹೆಡ್‌ಮಾಸ್ಟರು: ಚಿಕ್ಕೋರಿಗೆ ಒಂಟಿಕಾಲಲ್ಲಿ ನಿಲ್ಲೋ ಪರೀಕ್ಷೆ ಇದೆಯಂತಲ್ಲ?

ಮೇಷ್ಟ್ರು: ಅದರಲ್ಲಿ ನಮ್ಮೋರೇ ಫಸ್ಟ್. ದಿನಾ ವ್ಯಾನಿನಲ್ಲಿ ಹಾಗೇ ನಿಂತು ಬರ್ತಾರೆ.

ಹೆಡ್‌ಮಾಸ್ಟರು: ಅಭ್ಯಾಸಕ್ಕೆ ಪಿ.ಟಿ. ಪೀರಿಯಡ್ ಇದೆಯಲ್ರೀ?

ಮೇಷ್ಟ್ರು: ಸೋಮವಾರದ್ದು ಗಣಿತದೋರು, ಗುರುವಾರದ್ದು ವಿಜ್ಞಾನದೋರು ತಗೋತಾರೆ. ನಾನು ಆಫೀಸಲ್ಲಿ ಫೀಸ್ ರಸೀದಿ ಬರೀತೀನಿ.

ಹೆಡ್‌ಮಾಸ್ಟರು: ಪೋಷಕರು ಏನಂತಾರೆ?

ಮೇಷ್ಟ್ರು: ಪುಷ್‌ಅಪ್‌ಗೆ ಎಷ್ಟು ಮಾರ್ಕ್ಸು, ಗೈಡ್ ಎಲ್ಲಿ ಸಿಗುತ್ತೆ ಅಂತಾರೆ.

ಹೆಡ್‌ಮಾಸ್ಟರು: ಭೇಷ್! ನಾಳೆಯಿಂದಲೇ ಸಂಜೆ ಫಿಟ್‌ನೆಸ್ ಕೋಚಿಂಗ್. ಫೀಸ್ ಬೇರೆ. ಥಿಯರಿ ಮಾತ್ರ ಮಾಡಿ. ಒಂದು ಮಗುವೂ ಬೆಂಚ್ ಬಿಟ್ಟು ಏಳಕೂಡದು!