ಕುರ್ಚಿ ವಾಪಸ್ ಕೊಡುವ ಸ್ಟಾಲಣ್ಣ

ಕರಕುಶಲ ಮೇಳ ಶುರುವಾಗುವ ಹಿಂದಿನ ಸಂಜೆ ಸಂಘಟಕರು ಮಳಿಗೆಗೆ ಒಂದು ಮೇಜು, ಒಂದು ಟ್ಯೂಬ್‌ಲೈಟು, ಎರಡು ಪ್ಲಾಸ್ಟಿಕ್ ಕುರ್ಚಿ ಹಂಚುತ್ತಾರೆ. ಉಳಿದವರೆಲ್ಲ ಮೂರನೆಯ ಕುರ್ಚಿಗಾಗಿ ಜಗಳಕ್ಕೆ ನಿಂತಿರುವಾಗ, ಬಂದ ಎರಡನ್ನೂ ತಲೆಯ ಮೇಲೆ ಹೊತ್ತು ತಂದು "ಇವು ಬ್ಯಾಡ, ಇನ್ನೊಂದು ಮೇಜು ಕೊಡಿ ಸಾ" ಎನ್ನುವ ಮನುಷ್ಯ ಕಂಡರೆ, ಅವರೇ ನಮ್ಮ ಸ್ಟಾಲಣ್ಣ. ಊರು ಚನ್ನಪಟ್ಟಣ, ಸರಕು ಬೊಂಬೆ. ಹೆಸರು ಹೇಳುವ ಅಗತ್ಯವಿಲ್ಲ; ಇಂಥವರು ಒಬ್ಬರಲ್ಲ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳದಿಂದ ದೆಹಲಿ ಹಾಟ್‌ವರೆಗೆ, ಅಲ್ಲಿಂದ ಹರಿಯಾಣದ ಸೂರಜ್‌ಕುಂಡದವರೆಗೆ ಹರಡಿಕೊಂಡಿದ್ದಾರೆ.

ಕುರ್ಚಿಯ ಮೇಲೆ ಅವರಿಗೆ ವೈಯಕ್ತಿಕ ದ್ವೇಷವೇನಿಲ್ಲ. "ಕೂತವನ ಮುಂದೆ ಗಿರಾಕಿ ನಿಲ್ಲಲ್ಲ ಸಾ. ಅವನು ಕೂತಿದ್ದಾನೆ, ಎಬ್ಬಿಸಿದ್ರೆ ಕೊಂಡ್ಕಳ್ಳೇಬೇಕಾಯ್ತದೆ ಅಂತ ಹಂಗೇ ಹೊಂಟೋಯ್ತಾರೆ." ಹತ್ತು ದಿನದ ಮೇಳವೆಂದರೆ ಹತ್ತು ದಿನವೂ ನಿಂತೇ ಇರುತ್ತಾರೆ. ಊಟವೂ ನಿಂತೇ, ಅದೂ ಮಳಿಗೆಯ ಹಿಂದಿನ ಪರದೆಯ ಮರೆಯಲ್ಲಿ, ಒಂದು ಕಣ್ಣು ಪರದೆಯ ಸಂದಿನಲ್ಲಿ. ಬಾಯಿ ತುಂಬ ಅನ್ನವಿದ್ದರೂ "ಬನ್ನಿ ಅಕ್ಕಾ" ಎಂಬ ಎರಡು ಪದಗಳು ಮಾತ್ರ ಹೇಗೋ ಸ್ಪಷ್ಟವಾಗಿ ಹೊರಬರುತ್ತವೆ.

ಮೊದಲು ಇವರು ಹೀಗೆ ಊರೂರು ಸುತ್ತುವವರಾಗಿರಲಿಲ್ಲ. ಮೈಸೂರು ರಸ್ತೆಯಲ್ಲೇ ಅಂಗಡಿಯಿತ್ತು. ಕಾರುಗಳು ತಾವಾಗಿ ನಿಲ್ಲುತ್ತಿದ್ದವು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬಂದವರಿಗೆ ಚನ್ನಪಟ್ಟಣದ ಹೊತ್ತಿಗೆ ಕಾಲು ಚಾಚಬೇಕೆನಿಸುತ್ತಿತ್ತು, ಮಕ್ಕಳಿಗೆ ಹಟ ಮಾಡಬೇಕೆನಿಸುತ್ತಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಈಗ ಕಾರಿನವರು ಒಂದೂವರೆ ಗಂಟೆಯಲ್ಲಿ ಮೈಸೂರು ಮುಟ್ಟಿ, ಅಲ್ಲಿ ಅರ್ಧ ಗಂಟೆ ಪಾರ್ಕಿಂಗ್ ಹುಡುಕುತ್ತಾರೆ. ಬೊಂಬೆ ಅಂಗಡಿಗಳು ಹಳೆಯ ರಸ್ತೆಯಲ್ಲೇ ಉಳಿದವು. "ಗಿರಾಕಿ ನಮ್ಮತ್ರ ಬರಲ್ಲ ಅಂದ್ರೆ ನಾವೇ ಗಿರಾಕಿ ಹತ್ರ ಹೋಗೋದು" ಎಂದು ಸ್ಟಾಲಣ್ಣ ಟೆಂಪೋ ಏರಿದರು. ಅಂಗಡಿಯಲ್ಲಿ ಮಾಸಿದ ಅಂಗಿ ತೊಡುತ್ತಿದ್ದವರು ಮೇಳಕ್ಕೆಂದೇ ಖಾದಿ ಜುಬ್ಬಾ ಹೊಲಿಸಿದರು. ಅಂಗಡಿಯಲ್ಲಿ ವ್ಯಾಪಾರಿ, ಮೇಳದಲ್ಲಿ ಕಲಾವಿದ. ನಡುವೆ ಅರವತ್ತು ಕಿಲೋಮೀಟರ್ ಅಷ್ಟೆ.

ಇನ್ನು ಮಳಿಗೆ ಕಟ್ಟುವ ಕ್ರಮ ನೋಡಬೇಕು. ಮೂಲೆಯ ಮಳಿಗೆಯೇ ಆಗಬೇಕು. ಎರಡು ಕಡೆಯಿಂದ ಜನ ಬರುತ್ತಾರೆ. ಶೌಚಾಲಯದ ದಾರಿಯಾದರೆ ಇನ್ನೂ ಒಳ್ಳೆಯದು, ಹೋಗುವವರಿಗೆ ಅವಸರವಿದ್ದರೂ ಬರುವವರಿಗೆ ಇರುವುದಿಲ್ಲ. ತಿಂಡಿ ಮಳಿಗೆಯ ಪಕ್ಕ ಮಾತ್ರ ಬೇಡ: ಎಣ್ಣೆ ಕೈಯಲ್ಲಿ ಬೊಂಬೆ ಮುಟ್ಟುತ್ತಾರೆ. ಮೇಜಿನ ಮೇಲಿನ ಜೋಡಣೆಗೂ ಲೆಕ್ಕವಿದೆ. ದೊಡ್ಡವರ ಕಣ್ಣಿನ ಮಟ್ಟಕ್ಕೆ ರಾಜ-ರಾಣಿ ಬೊಂಬೆ, ತೂಗುಕುದುರೆ, ಬೆಲೆ ಕೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯುವಂಥವು. ಕೆಳಗೆ, ಮೂರು ವರ್ಷದ ಮಗುವಿನ ಕೈಗೆಟಕುವ ಹಲಗೆಯಲ್ಲಿ ಗಿಲಕಿ, ಬುಗುರಿ, ಎಳೆದರೆ ತಲೆಯಾಡಿಸುವ ಬಾತುಕೋಳಿ. "ಮಗು ಕೈಲಿ ಹಿಡ್ಕಂಡ್ ಮೇಲೆ ವ್ಯಾಪಾರ ನಂದಲ್ಲ, ಅವ್ರ ಮನೇದು."

ಆದರೂ ಅವರ ಬ್ರಹ್ಮಾಸ್ತ್ರ ಬುಗುರಿಯೇ. ಯಾರನ್ನೂ ಕೂಗಿ ಕರೆಯುವುದಿಲ್ಲ. ಹಾದು ಹೋಗುವವರು ಹತ್ತು ಹೆಜ್ಜೆ ದೂರವಿದ್ದಾಗ, ಅವರನ್ನು ನೋಡದೆಯೇ, ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಒಂದು ಪುಟ್ಟ ಬುಗುರಿಯ ಕಡ್ಡಿ ಹಿಡಿದು ತಿರುವಿ ಸ್ಟೀಲ್ ತಟ್ಟೆಯ ಮೇಲೆ ಬಿಡುತ್ತಾರೆ. ಮೇಜಿನ ಮೇಲಲ್ಲ, ತಟ್ಟೆಯ ಮೇಲೆ: ಸದ್ದು ಬರಬೇಕು. ಹಳದಿ, ಕೆಂಪು, ಹಸಿರು ಪಟ್ಟೆಗಳು ಅಲುಗದ ಬಳೆಗಳಂತೆ ನಿಲ್ಲುತ್ತವೆ. ಹೆಂಡತಿ ನಿಲ್ಲುತ್ತಾಳೆ, ಮಗು ನಿಲ್ಲುತ್ತದೆ, ಫೋನಿನಲ್ಲಿ ಮಾತಾಡುತ್ತಿದ್ದ ಗಂಡನೂ "ಒಂದ್ನಿಮಿಷ" ಎಂದು ನಿಲ್ಲುತ್ತಾನೆ. ಬುಗುರಿ ವಾಲಿ ಬೀಳುವವರೆಗೂ ಯಾರೂ ಕದಲುವುದಿಲ್ಲ; ಅಷ್ಟರೊಳಗೆ ಎರಡನೆಯದನ್ನು ಮಗುವಿನ ಕೈಗೆ ಕೊಟ್ಟಾಗಿರುತ್ತದೆ.

ಜನ ನಿಂತ ಮೇಲೆ ಚರಿತ್ರೆ ಬರುತ್ತದೆ, ಗಿರಾಕಿಯ ಅಳತೆಗೆ ತಕ್ಕಂತೆ. ಮಕ್ಕಳಿರುವವರಿಗೆ ಚರಿತ್ರೆಯಿಲ್ಲ, "ಬಾಯಿಗ್ ಹಾಕ್ಕಂಡ್ರೂ ಏನೂ ಆಗಲ್ಲ ಅಕ್ಕಾ, ಹಳದಿ ಅಂದ್ರೆ ಅರಿಶಿನ, ನೀಲಿ ಅಂದ್ರೆ ನೀಲಿ ಗಿಡದ್ದು" ಎಂಬ ಅಭಯ ಮಾತ್ರ. ಹೊಸದಾಗಿ ಮದುವೆಯಾದವರಿಗೆ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಕಥೆ. ಸಂಶೋಧಕರಂತೆ ಕನ್ನಡಕ ಹಾಕಿ ನೋಟ್‌ಬುಕ್ ತೆರೆದವರಿಗೆ ಈ ಬೊಂಬೆಗಳ ಪಿತಾಮಹರೆನಿಸಿದ ಬಾವಾಸ್ ಮಿಯಾ ಹೆಸರು, ಜಪಾನಿನ ಅರಗಿನ ಕೆಲಸದ ಪ್ರಸ್ತಾಪ. ಸರ್ಕಾರಿ ಅಧಿಕಾರಿಗಳು ಬಂದರೆ 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದ್ದು. ವಿದೇಶಿಯರು ಬಂದರೆ 'ನ್ಯಾಚುರಲ್, ನ್ಯಾಚುರಲ್' ಎಂಬ ಒಂದೇ ಪದ, ಎರಡು ಸಲ.

ಜಾಣ ಗಿರಾಕಿಗಳೂ ಇರುತ್ತಾರೆ. "ಇದಕ್ಕೆ ಐಎಸ್‌ಐ ಮಾರ್ಕ್ ಎಲ್ಲಿ?" ಎಂದು ಬೊಂಬೆಯ ಬುಡ ತಿರುಗಿಸಿ ನೋಡುವವರು. ಸ್ಟಾಲಣ್ಣ ಇಂಥವರಿಗಾಗಿಯೇ ಕಾದಿರುತ್ತಾರೆ. ಕೆಂಗಲ್ ಆಂಜನೇಯನ ಪಟದ ಪಕ್ಕದಲ್ಲೇ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ತೂಗುತ್ತಿದೆ. ಆಟಿಕೆಗಳಿಗೆ ಆ ಮಾರ್ಕ್ ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ (ಜಿಐ) ಪಟ್ಟಿಯಲ್ಲಿರುವ ಆಟಿಕೆಗಳಿಗೂ ವಿನಾಯಿತಿಯಿದೆ. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲೇ ಜಿಐ ಸಿಕ್ಕಿದೆ. ಇಷ್ಟನ್ನೂ ಅವರು ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ. ಕೇಳಿದವರು ಸೋತ ಮುಖದಿಂದ ಒಂದು ಬಾತುಕೋಳಿ ಕೊಂಡು ಹೋಗುತ್ತಾರೆ.

ಮಳಿಗೆಯ ಒಂದು ಮೂಲೆಯಲ್ಲಿ ಪುಟ್ಟ ಲೇತು. ಅದರ ಮುಂದೆ ಕೂತವರು ಮಾತು ಕಡಿಮೆಯ ಹಿರಿಯರು, ಸ್ಟಾಲಣ್ಣ ಅವರನ್ನು ಕರೆಯುವುದು 'ಸಾಹೇಬ್ರೇ' ಎಂದು. ಮೇಳವಿಡೀ ಕೂರಲು ಅನುಮತಿಯಿರುವುದು ಅವರೊಬ್ಬರಿಗೇ. ಹಾಲೆ ಮರದ ಬಿಳಿ ತುಂಡು ಗರಗರ ತಿರುಗುತ್ತದೆ, ಉಳಿ ತಾಗಿದಲ್ಲಿ ಸಿಪ್ಪೆ ಸುರುಳಿಯಾಗಿ ಹಾರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ, ಮಂಕಾಗಿದ್ದ ಕೆಂಪು ಒಮ್ಮೆಲೇ ಮಿಂಚುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಬಳಿಕ ಎಲ್ಲರೂ ಸೆಲ್ಫಿ ತೆಗೆಸಿಕೊಳ್ಳುವುದು ಖಾದಿ ಜುಬ್ಬಾದ ಜೊತೆ! ಉಳಿ ಹಿಡಿದರೆ ಬೆರಳು ಕುಯ್ದುಕೊಳ್ಳುವ ನಮ್ಮ ಕಲಾವಿದರು ಯಾವ ಸಂಕೋಚವೂ ಇಲ್ಲದೆ ಹಲ್ಲು ಬಿಡುತ್ತಾರೆ. ಸಾಹೇಬರು ತಲೆ ತಗ್ಗಿಸಿಕೊಂಡು ಇನ್ನೊಂದು ತುಂಡು ಸಿಕ್ಕಿಸುತ್ತಾರೆ. ಇದು ನ್ಯಾಯವೇ ಎಂದರೆ ಅಲ್ಲ. ಆದರೆ ಆ ಜುಬ್ಬಾ ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಡಬ್ಬಿ ಖಾಲಿಯೇ ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಚೌಕಾಸಿಯೆಂದರೆ ಸ್ಟಾಲಣ್ಣನಿಗೆ ತಿರಸ್ಕಾರ. ಗಿರಾಕಿ ಹೋದ ಮೇಲೆ ಅವರ ಮಾತನ್ನು ಅಣಕಿಸಿ ತೋರಿಸುವುದು ಅವರ ದಿನದ ಮನರಂಜನೆ. "'ಆನ್‌ಲೈನಲ್ಲಿ ಕಮ್ಮಿ ಇದೆಯಲ್ಲ' ಅಂತಾರೆ ಸಾ. 'ಎರಡು ತಗೊಂಡ್ರೆ ಎಷ್ಟು' ಅಂತಾರೆ, ಒಂದ್ ತಗಳ್ಳೋಕೂ ಮನಸಿರಲ್ಲ. ಎಲ್ಲಾ ಮುಗುದ್ ಮೇಲೆ 'ಬ್ಯಾಗ್ ಕೊಡಲ್ವಾ' ಅಂತಾರೆ. ಕಲೆಗೆ ಬೆಲೆ ಕಟ್ಟಬಾರ್ದು ಸಾ." ಇಷ್ಟು ಹೇಳಿ, ಬಂದ ಮುಂದಿನವರಿಗೆ "ಬೋಣಿ ಟೈಮು ಅಕ್ಕಾ, ನಿಮಗಂತ ಇಪ್ಪತ್ ರೂಪಾಯಿ ಬುಟ್ಟೆ" ಎನ್ನುತ್ತಾರೆ. ಆಗ ಗಂಟೆ ಮಧ್ಯಾಹ್ನದ ಮೂರು. ಹಣ ಬಂದೊಡನೆ ಕೂಗುವ ಯುಪಿಐ ಡಬ್ಬಿಯ ದನಿಯನ್ನು ಪೂರ್ತಿ ಏರಿಸಿರುತ್ತಾರೆ, ಪಕ್ಕದ ಸಾಲಿನವರಿಗೂ ಕೇಳಬೇಕು. ಒಬ್ಬರು ಕೊಂಡದ್ದು ಕೇಳಿದರೆ ಇನ್ನೊಬ್ಬರಿಗೂ ಕೊಳ್ಳಬೇಕೆನಿಸುತ್ತದೆ ಎಂಬುದು ಅವರ ಸಿದ್ಧಾಂತ.

ವಿಳಾಸ ಕೇಳಿದವರಿಗೆ ಕಾರ್ಡು ಕೊಡುತ್ತಾರೆ. ಕಾರ್ಡಿನಲ್ಲಿ 'ರಾಮನಗರ ಜಿಲ್ಲೆ' ಎಂದೇ ಇದೆ. 2007ರಲ್ಲಿ ಹುಟ್ಟಿದ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರೂ, ಹಳೆಯ ಕಾರ್ಡಿನ ಕಟ್ಟು ಮುಗಿಯುವವರೆಗೆ ಸ್ಟಾಲಣ್ಣನ ಮಟ್ಟಿಗೆ ಆ ಆದೇಶ ಜಾರಿಯಾಗುವುದಿಲ್ಲ. ಬಾಯಿಮಾತಿನಲ್ಲಿ ಮಾತ್ರ, ಚೌಕಾಸಿಗೆ ಇಳಿದ ಬೆಂಗಳೂರಿನವರಿಗೆ, "ನಾವೂ ಈಗ ಬೆಂಗಳೂರೋರೇ ಸಾ, ಬೆಲೆನೂ ಬೆಂಗಳೂರಿಂದೇ" ಎನ್ನುವುದುಂಟು.

ಈ ಸಲ ಪಕ್ಕದ ಮಳಿಗೆ ಒಬ್ಬ ಚಿತ್ರಕಾರನದು. ಇನ್ನೂ ಹುಡುಗ, ಕಲಾ ಶಾಲೆಯ ಪದವೀಧರ, ಒಳ್ಳೆಯ ಕೈ. ರಾಮದೇವರ ಬೆಟ್ಟದ ಬಂಡೆ, ಮೇಲೆ ರಣಹದ್ದು, ಕೆಳಗೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು, ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾನೆ. ಬರೆದು, ಗೋಡೆಗೆ ತೂಗುಹಾಕಿ, ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದಾನೆ. ಬೆಲೆಯ ಚೀಟಿ ಯಾವುದಕ್ಕೂ ಇಲ್ಲ. ಜನವರಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಅಷ್ಟೊಂದು ಜನಸಾಗರದ ನಡುವೆಯೂ ಹೀಗೇ ಕೂತಿದ್ದನಂತೆ. ಎಲ್ಲರೂ ಫೋಟೊ ಹೊಡೆದುಕೊಂಡು ಹೋದರಂತೆ.

ನಾಲ್ಕನೆಯ ದಿನ ಸ್ಟಾಲಣ್ಣನಿಗೆ ತಡೆಯಲಾಗಲಿಲ್ಲ.

"ಎದ್ ನಿಂತ್ಕಳಪ್ಪ ಮೊದ್ಲು."

"ಯಾಕಣ್ಣ?"

"ನೀನು ಕೂತಿರೋದ್ ನೋಡುದ್ರೆ ಆಸ್ಪತ್ರೇಲಿ ರಿಪೋರ್ಟಿಗೆ ಕಾಯ್ತಾ ಇರೋನಂಗ್ ಕಾಣ್ತೀಯ. ಆ ಫೋನ್ ಜೇಬಿಗಾಕು. ಚೀಟಿ ಬರಿ. ಬೆಲೆ ಕೇಳೋಕೆ ನಾಚ್ಕಳ್ಳೋರೇ ಜಾಸ್ತಿ ಇರೋದು."

"ಬೆಲೆ ಹಾಕಿದ್ರೆ ಚೀಪ್ ಆಗಿ ಕಾಣುತ್ತೆ ಅಣ್ಣ."

"ಹಾಕ್ದೆ ಇದ್ರೆ ಮನೇಗ್ ವಾಪಸ್ ಹೊತ್ಕಂಡೋಗೋವಾಗ ಭಾರ ಕಾಣ್ತದೆ. ಆ ದೊಡ್ಡದಿದೆಯಲ್ಲ ಹದ್ದು, ಅದ್ನ ಹೊರಗಡೆ ತೂಗಾಕು, ಅದು ಜನ ನಿಲ್ಸೋಕೆ. ಅದನ್ನೇ ಚಿಕ್ಕ ಕಾರ್ಡ್ ಮಾಡ್ಸಿ ಮುಂದೆ ಮಡಗು, ಅದು ಮಾರೋಕೆ. ಮತ್ತೆ ಇಲ್ಲೇ ಒಂದ್ ಸ್ಟ್ಯಾಂಡ್ ಇಟ್ಕಂಡು ಏನಾರ ಬರೀತಾ ಇರು. ನಮ್ ಸಾಹೇಬ್ರನ್ನ ನೋಡು. ಕೆಲ್ಸ ಮಾಡೋ ಕೈ ಮುಂದೆ ಜನ ನಿಂತೇ ನಿಲ್ತಾರೆ."

ಹುಡುಗ ಹೇಳಿದಂತೆ ಮಾಡಿದ. ರಾತ್ರಿ ಮುದ್ರಿಸಿ ತಂದ ಕಾರ್ಡುಗಳು ಮರುದಿನ ಸಂಜೆಗೆ ಖಾಲಿಯಾದವು. ಲೇತಿನ ಮುಂದೆ ಕೂತ ಸಾಹೇಬರನ್ನೇ ನೋಡಿ ನೋಡಿ ಒಂದು ಚಿತ್ರವನ್ನೂ ಬರೆದ: ಬಗ್ಗಿದ ಬೆನ್ನು, ಉಳಿ ಹಿಡಿದ ಬೆರಳು, ಹಾರುವ ಸಿಪ್ಪೆ. ಜುಬ್ಬಾ ಅದರಲ್ಲಿ ಎಲ್ಲೂ ಇರಲಿಲ್ಲ. ಸ್ಟಾಲಣ್ಣ ಅದರ ಮುಂದೆ ಬಹಳ ಹೊತ್ತು ನಿಂತರು. ಬಗ್ಗಿ ಚೀಟಿ ನೋಡಿದರು. ನಾಲ್ಕು ಸಾವಿರ.

"ಇದೇನಪ್ಪ, ಇಷ್ಟೊಂದು?"

"ಎರಡು ದಿನದ ಕೆಲಸ ಅಣ್ಣ."

"ಎಲ್ಡ್ ದಿನಾನೂ ನಮ್ ಸಾಹೇಬ್ರೇ ಅಲ್ವಾ ಕೂತಿದ್ದಿದ್ದು? ಆನ್‌ಲೈನಲ್ಲಿ ಇಂಥವು ಎಂಟ್ನೂರಕ್ಕೆ ಸಿಗ್ತವಂತೆ."

"ಅದು ಪ್ರಿಂಟು, ಇದು ಕೈಯಲ್ಲಿ ಬರೆದಿದ್ದು. ನೀವೇ ಹೇಳಿದ್ರಲ್ಲ, ಕಲೆಗೆ ಬೆಲೆ ಕಟ್ಟಬಾರದು ಅಂತ."

"ಕಟ್ಟಬಾರ್ದು ಅಂತಲೇ ನಾನೂ ಹೇಳ್ತಿರೋದು. ಎಲ್ಡ್ ತಗಂಡ್ರೆ ಎಷ್ಟಕ್ಕ್ ಕೊಡ್ತೀಯ?"

"ಇರೋದೇ ಒಂದು ಅಣ್ಣ."

ಕೊನೆಗೆ ಎರಡೂವರೆ ಸಾವಿರಕ್ಕೆ ಒಪ್ಪಂದವಾಯಿತು. ಚಿತ್ರ ಸಾಹೇಬರ ಮನೆಗೆ ಹೋಗಬೇಕೆಂದೂ ತೀರ್ಮಾನವಾಯಿತು. ಸ್ಟಾಲಣ್ಣ ಹಣ ಕಳಿಸಿದರು. ಹುಡುಗನ ಹೊಸ ಡಬ್ಬಿ, ಅದರ ದನಿಯನ್ನೂ ಇವರೇ ಪೂರ್ತಿ ಏರಿಸಿ ಕೊಟ್ಟಿದ್ದರು, ಇಡೀ ಸಾಲಿಗೆ ಕೇಳುವಂತೆ ಮೊತ್ತವನ್ನು ಕೂಗಿತು. ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಎರಡು ಹೆಜ್ಜೆ ಹೋದವರು ನಿಂತು ತಿರುಗಿದರು.

"ಬ್ಯಾಗ್ ಕೊಡಲ್ವಾ?"